ಕರೆಂಟು ವಾಪಸು ಬರುವ ದಾರಿ

ಕಾರಿನ ಬ್ಯಾಟರಿಯಿಂದ ಹೆಡ್‌ಲೈಟಿಗೆ ಹೋಗುವ ವೈರು ಕಣ್ಣಿಗೆ ಕಾಣುತ್ತದೆ. ಅಲ್ಲಿಂದ ಕರೆಂಟು ಬ್ಯಾಟರಿಗೆ ವಾಪಸು ಬರುವುದು ಹೇಗೆ? ಕಾರಿನ ತಗಡಿನ ಮೈಯೇ ಅದರ ದಾರಿ. ಮೆಕ್ಯಾನಿಕ್‌ಗಳು ಇದಕ್ಕೆ ‘ಬಾಡಿ ಅರ್ಥ್’ ಅನ್ನುತ್ತಾರೆ. ಭೂಮಿಗೂ ಇದಕ್ಕೂ ಸಂಬಂಧವಿಲ್ಲ, ಕಾರು ನಿಂತಿರುವುದು ರಬ್ಬರ್ ಟೈರುಗಳ ಮೇಲೆ.

ಕರಾವಳಿಯಲ್ಲಿ ವರ್ಷಗಟ್ಟಲೆ ಓಡಿದ ನನ್ನ ಹಳೆಯ ಕಾರಿನಲ್ಲಿ ಒಂದು ಸಂಜೆ ಬ್ಯಾಟರಿಯ ಕೆಂಪು ದೀಪ ಹತ್ತಿಕೊಂಡಿತು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ಇರಬೇಕು. ಮಲ್ಟಿಮೀಟರ್ ತೋರಿಸಿದ್ದು 12.1. ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರ್ ಕರೆಂಟು ಹುಟ್ಟಿಸುವುದನ್ನು ನಿಲ್ಲಿಸಿತ್ತು.

ಅದರೊಳಗೆ ಬೆಲ್ಟಿನಿಂದ ತಿರುಗುವ ರೋಟರ್ ಒಂದು ವಿದ್ಯುತ್ಕಾಂತ. ಅದು ತಿರುಗಿದಂತೆ ಸುತ್ತಲಿನ ತಾಮ್ರದ ಸುರುಳಿಗಳಲ್ಲಿ ಕಾಂತಕ್ಷೇತ್ರ ಬದಲಾಗಿ ಕರೆಂಟು ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡದ್ದು ಇದನ್ನೇ. ಹುಟ್ಟುವುದು ದಿಕ್ಕು ಬದಲಿಸುತ್ತಿರುವ ಎಸಿ, ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ಹರಿಯುವ ಡಿಸಿ ಮಾಡುತ್ತವೆ. ತಿರುಗುವ ರೋಟರಿಗೆ ಕರೆಂಟು ಮುಟ್ಟಿಸುವ ಎರಡು ಪುಟ್ಟ ಕಾರ್ಬನ್ ಬ್ರಷ್‌ಗಳಿವೆ. ನನ್ನದರಲ್ಲಿ ಅವು ಸವೆದೇ ಹೋಗಿದ್ದವು, ಬೇರಿಂಗೂ ಸದ್ದು ಮಾಡುತ್ತಿತ್ತು. ಹಾಗಾಗಿ ಇಡೀ ಆಲ್ಟರ್ನೇಟರನ್ನೇ ಬದಲಿಸಲು ಹೊರಟೆ.

ಬದಲಿಸುವ ಮುನ್ನ ಬ್ಯಾಟರಿಯ ನೆಗೆಟಿವ್ ಕೇಬಲ್ಲನ್ನು ಬಿಚ್ಚಲೇಬೇಕು. ಆಲ್ಟರ್ನೇಟರಿನ ಹಿಂಬದಿಯ ದಪ್ಪ ವೈರಿಗೆ ಕೀ ತೆಗೆದಿದ್ದರೂ ಬ್ಯಾಟರಿಯ ಪಾಸಿಟಿವ್ ಬಂದಿರುತ್ತದೆ. ಅದರ ನಟ್ ತಿರುಗಿಸುವ ಸ್ಪ್ಯಾನರ್ ಎಂಜಿನ್ನಿಗೆ ತಾಗಿದರೆ ನೂರಾರು ಆಂಪಿಯರ್ ಹರಿದು ಸ್ಪ್ಯಾನರ್ ಕೆಂಪಗೆ ಕಾದೀತು. ಉಳಿದದ್ದು ಕೈಕೆಲಸ: ಬೆಲ್ಟ್ ಸಡಿಲಿಸಿ, ಬೋಲ್ಟ್ ಬಿಚ್ಚಿ, ಹೊಸದನ್ನು ಕೂರಿಸಿ, ಬೆಲ್ಟನ್ನು ಹದವಾಗಿ ಬಿಗಿಯುವುದು. ಅತಿಯಾಗಿ ಬಿಗಿದರೆ ಹೊಸ ಬೇರಿಂಗೂ ಬೇಗ ಹಾಳಾಗುತ್ತದೆ.

ಕೆಂಪು ದೀಪ ಆರಿತು. ಆದರೆ ಹೆಡ್‌ಲೈಟು, ಬ್ಲೋವರ್ ಎಲ್ಲ ಹಾಕಿದಾಗ ಬ್ಯಾಟರಿಯಲ್ಲಿ 13.1 ವೋಲ್ಟ್ ಮಾತ್ರ. ಅದೇ ಹೊತ್ತಿನಲ್ಲಿ ಆಲ್ಟರ್ನೇಟರಿನ ತುದಿಗೂ ಅದರ ಮೈಗೂ ನಡುವೆ ಅಳೆದರೆ 14.3! ಪಾಸಿಟಿವ್ ವೈರಿನಲ್ಲಿ ನಷ್ಟವೇನೂ ಕಾಣಲಿಲ್ಲ. ಆ 1.2 ವೋಲ್ಟ್ ವಾಪಸು ಬರುವ ದಾರಿಯಲ್ಲಿ ಸೋರುತ್ತಿತ್ತು.

ಆಲ್ಟರ್ನೇಟರಿನ ಮೈ ಎಂಜಿನ್ನಿಗೆ ಬಿಗಿದಿರುತ್ತದೆ, ಆ ಎಂಜಿನ್ ಕೂತಿರುವುದು ರಬ್ಬರಿನ ಮೌಂಟಿಂಗ್ ಮೇಲೆ. ಅದುರುವಿಕೆ ತಡೆಯುವ ಆ ರಬ್ಬರು ಕರೆಂಟನ್ನೂ ತಡೆಯುತ್ತದೆ. ಅದಕ್ಕಾಗಿಯೇ ಎಂಜಿನ್ನಿಗೂ ಬಾಡಿಗೂ ನಡುವೆ ತಾಮ್ರದ ಎಳೆಗಳನ್ನು ಜಡೆಯಂತೆ ಹೆಣೆದ ಪಟ್ಟಿಯೊಂದಿರುತ್ತದೆ. ನನ್ನ ಕಾರಿನಲ್ಲಿ ಅದಕ್ಕೆ ಹಸಿರು ಕಿಲುಬು ಹಿಡಿದಿತ್ತು, ಬೋಲ್ಟಿನ ಕೆಳಗೆ ತುಕ್ಕು. ತಾಮ್ರವೂ ಉಕ್ಕೂ ಉಪ್ಪುನೀರಿನ ತೇವದಲ್ಲಿ ಜೊತೆಯಾದರೆ ಅದೇ ಒಂದು ಪುಟ್ಟ ಬ್ಯಾಟರಿ, ಅದರಲ್ಲಿ ಕರಗುವುದು ಉಕ್ಕು. ಕಡಲ ಗಾಳಿಗೆ ಇದು ದಿನನಿತ್ಯದ ಕೆಲಸ.

ಪಟ್ಟಿಯಲ್ಲಿ ಸುಮಾರು 30 ಆಂಪಿಯರ್ ಹರಿಯುತ್ತಿದ್ದರೆ 1.2 ವೋಲ್ಟ್ ತಿನ್ನಲು 0.04 ಓಮ್ ಸಾಕು. ಇಷ್ಟು ಸಣ್ಣ ರೋಧವನ್ನು ಸಾಮಾನ್ಯ ಮಲ್ಟಿಮೀಟರಿನ ಓಮ್ ಅಳತೆ ನಂಬುವಂತೆ ತೋರಿಸುವುದಿಲ್ಲ. ಒಂದೇ ಎಳೆ ಉಳಿದಿದ್ದರೂ ‘ಬೀಪ್’ ಅನ್ನುತ್ತದೆ. ಆದರೆ 36 ವಾಟ್ ಶಾಖ ಅಲ್ಲೇ ಹುಟ್ಟುತ್ತಿತ್ತು, ಪಟ್ಟಿ ಮುಟ್ಟಿದರೆ ಕೈ ಸುಡುವಷ್ಟು. ಪಟ್ಟಿ ಪೂರ್ತಿ ಕಡಿದರೆ ಕರೆಂಟು ಆಕ್ಸಿಲರೇಟರ್ ಕೇಬಲ್ಲಿನಂಥ ಅಡ್ಡದಾರಿ ಹಿಡಿದು ಅದನ್ನೇ ಸುಡಬಹುದು.

ಹೊಸ ಪಟ್ಟಿ ತಂದೆ. ಬೋಲ್ಟ್ ಕೂರುವ ಜಾಗವನ್ನು ಎಮರಿ ಕಾಗದದಿಂದ ಹೊಳೆಯುವ ಲೋಹ ಕಾಣುವವರೆಗೂ ಉಜ್ಜಿದೆ. ಬಣ್ಣದ ಮೇಲೆಯೇ ಬಿಗಿದುಬಿಡುವುದು ನಾನು ಅನೇಕ ಕಾರುಗಳಲ್ಲಿ ಕಂಡ ತಪ್ಪು, ಟಿಂಕರಿಂಗ್ ಆದ ಮೇಲಂತೂ ಹೆಚ್ಚು. ಬಿಗಿದ ನಂತರ ಮೇಲೆ ವ್ಯಾಸಲಿನ್ ಸವರಿದೆ, ತೇವ ಒಳಗಿಳಿಯದಿರಲಿ ಎಂದು.

ಈಗ ಪ್ರತಿ ಮಳೆಗಾಲಕ್ಕೆ ಮುಂಚೆ ಒಂದು ಪರೀಕ್ಷೆ ಮಾಡುತ್ತೇನೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ತುದಿಗೆ, ಇನ್ನೊಂದು ಎಂಜಿನ್ನಿನ ಬರಿಯ ಲೋಹಕ್ಕೆ. ಪಕ್ಕದಲ್ಲಿದ್ದವರಿಗೆ ಸೆಲ್ಫ್ ಹೊಡೆಯಲು ಹೇಳುತ್ತೇನೆ. ನೂರಕ್ಕೂ ಹೆಚ್ಚು ಆಂಪಿಯರ್ ಹರಿಯುವ ಆ ಎರಡು ಕ್ಷಣದಲ್ಲಿ ಮುಳ್ಳು 0.2 ವೋಲ್ಟಿನ ಆಸುಪಾಸಿನಲ್ಲೇ ನಿಂತರೆ ಬಾನೆಟ್ ಮುಚ್ಚುತ್ತೇನೆ. ಅರ್ಧ ವೋಲ್ಟ್ ದಾಟಿದರೆ ಎಮರಿ ಕಾಗದ ಹುಡುಕುತ್ತೇನೆ.