ಮಾತಿನ ನಡುವೆ ಮಾಯವಾಗುವ ಉಕಾರ

"ಮಾಡ್ತೀನಿ, ಹೋಗ್ತೀನಿ ಅಂತೀಯಲ್ಲ, ಅಕ್ಷರ ನುಂಗದೆ ಸರಿಯಾಗಿ ಮಾತಾಡು" ಎಂದು ಮಕ್ಕಳನ್ನು ತಿದ್ದುವ ಹಿರಿಯರನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ‘ಮಾತಾಡು’ ಎಂಬ ಪದವನ್ನೇ ನೋಡಿ. ಮಾತು, ಆಡು ಎರಡೂ ಸೇರಿದಾಗ ನಡುವಿನ ಉಕಾರ ಬಿದ್ದುಹೋಗಿದೆ. ಶಾಲೆಯಲ್ಲಿ ಇದನ್ನು ಲೋಪಸಂಧಿ ಎಂದು ಕಲಿಸಿ ಅಂಕ ಕೊಡುತ್ತೇವೆ. ಅದೇ ಉಕಾರ ‘ಮಾಡುತ್ತೇನೆ’ಯಲ್ಲಿ ಬಿದ್ದರೆ ಮಾತ್ರ ಸೋಮಾರಿತನವೇ?

ನಾಲಿಗೆಯ ಓಡಾಟವನ್ನು ಗಮನಿಸಿ. ‘ಡ’ ಅನ್ನಲು ನಾಲಿಗೆಯ ತುದಿ ಮೇಲಕ್ಕೆ ಮಡಚಿ ಬಾಯಿಯ ಅಂಗುಳವನ್ನು ಮುಟ್ಟುತ್ತದೆ. ಉಕಾರಕ್ಕೆ ಆ ತುದಿ ಕೆಳಗಿಳಿಯಬೇಕು, ತುಟಿ ದುಂಡಗಾಗಬೇಕು. ಮರುಕ್ಷಣವೇ ‘ತ’ಕ್ಕಾಗಿ ಹಲ್ಲಿನ ಹಿಂಬದಿಗೆ ಏರಬೇಕು. ಉಕಾರ ಬಿಟ್ಟರೆ ಅಂಗುಳದಿಂದ ಹಲ್ಲಿಗೆ ನೇರವಾಗಿ ಜಾರಿದರಾಯ್ತು. ಬದು ಸುತ್ತುವ ಬದಲು ಹೊಲದ ನಡುವೆ ಕಾಲುದಾರಿ ಬಿದ್ದ ಹಾಗೆ.

ಆದರೆ ಈ ದಾರಿ ಕಂಡಕಂಡಲ್ಲಿ ಬೀಳುವುದಿಲ್ಲ. ಮೊದಲಕ್ಷರ ನುಂಗಿ ಸುಮ್ನೆ ‘ಡ್ತೀನಿ’ ಎಂದು ಯಾರೂ ಹೇಳುವುದಿಲ್ಲ, ಅಲ್ವಾ? ಬೀಳುವುದು ನಡುವಿನ ಗಿಡ್ಡ ಸ್ವರ. ಅದು ಬಿದ್ದ ಮೇಲೆ ಅಕ್ಕಪಕ್ಕದ ವ್ಯಂಜನಗಳೂ ಹೊಂದಿಕೊಳ್ಳಬೇಕು. ‘ನಿಲ್ಲುತ್ತೇನೆ’ಯಲ್ಲಿ ಲಕಾರ ಎರಡು, ತಕಾರ ಎರಡು. ಉಕಾರ ಹೋದರೆ ನಾಲ್ಕೂ ಒಂದೇ ಕಡೆ ಗುಂಪುಗೂಡುತ್ತವೆ. ಆಗ ಎರಡೂ ಒತ್ತು ಸಡಿಲವಾಗಿ ‘ನಿಲ್ತೀನಿ’ ಆಗುತ್ತದೆ. ತುಂಬಿದ ಬಸ್ಸಿನಲ್ಲಿ ಚೀಲ ಮಡಿಲಿಗೆ ಎಳೆದುಕೊಂಡು ಎಲ್ಲರೂ ಸರಿದು ಕೂತ ಹಾಗೆ. ‘ತೆಗೆದುಕೊಳ್ಳುತ್ತೇನೆ’ಯ 7 ಅಕ್ಷರ ‘ತಗೋತೀನಿ’ಯಲ್ಲಿ 4ಕ್ಕೆ ಇಳಿಯುತ್ತದೆ. ಆದರೂ ಕೇಳಿದವರಿಗೆ ಗೊಂದಲವಿಲ್ಲ.

ಇದೇನು ಈಗಿನ ಹುಡುಗರು ತಂದ ರೋಗವಲ್ಲ. ಹಳಗನ್ನಡದ ‘ಇರ್ದಂ’ ರಕಾರ ಕಳೆದುಕೊಂಡು ‘ಇದ್ದನು’ ಆಯಿತು. ‘ಎರ್ದೆ’ ಎದೆಯಾಯಿತು, ‘ಕೞ್ತೆ’ (ೞ ಈಗ ಬಳಕೆಯಲ್ಲಿಲ್ಲದ ಹಳೆಯ ಅಕ್ಷರ) ಕತ್ತೆಯಾಯಿತು. ಇವನ್ನು ಇವತ್ತು ಶುದ್ಧ ಕನ್ನಡವೆಂದೇ ಬರೆಯುತ್ತೇವೆ.

ನನಗೆ ಜಾಸ್ತಿ ಖುಷಿ ಕೊಡುವ ಸಂಗತಿ ಇನ್ನೊಂದಿದೆ. ಊರು, ಕಾಲು, ಕಣ್ಣು ಎಂಬ ಪದಗಳ ಕೊನೆಯ ಉಕಾರ ಮೊದಲು ಇರಲೇ ಇಲ್ಲ. ಹಳಗನ್ನಡದಲ್ಲಿ ಅವು ಊರ್, ಕಾಲ್, ಕಣ್. ಉಕಾರ ಸೇರಿಕೊಂಡದ್ದು ಆಮೇಲೆ. ಇವತ್ತು ಮಗು "ಅಮ್ಮಾ, ಕಾಲ್ ನೋಯ್ತಿದೆ" ಎಂದಾಗ ಕಿವಿಗೆ ಬೀಳುವುದು 10ನೇ ಶತಮಾನದಲ್ಲಿ ಪಂಪ ಬರೆಯುತ್ತಿದ್ದ ಕಾಲದ ಅದೇ ‘ಕಾಲ್’.