ಹೊಸ ಕ್ಯಾನ್ ಆಲ್ಕೋಹಾಲ್ ಹಾಕಿದ ಮೇಲೆ ಯೀಸ್ಟ್ ಯಾಕೆ ಬೆಳೆಯುತ್ತಿಲ್ಲ?

ಪ್ರಶ್ನೆ: ಸಕ್ಕರೆ ಬದಲು ಎಥನಾಲ್ ಕೊಟ್ಟು ಯೀಸ್ಟ್ ಬೆಳೆಸುತ್ತೇವೆ. ಹೊಸ ಕ್ಯಾನ್ ತೆರೆದಾಗಿನಿಂದ ಬೆಳವಣಿಗೆ ನಿಂತೇ ಹೋಗಿದೆ. ಅದರಲ್ಲಿ ವಿಷದ ಅಂಶ ಏನಾದರೂ ಇದೆಯಾ? ಇದ್ದರೆ ಏನು ಮಾಡುವುದು?

ಉತ್ತರ: ಇರಬಹುದು. ಆದರೆ ಮೊದಲು ಖಾತ್ರಿ ಮಾಡಿಕೊಳ್ಳಿ. ಮೂರು ಫ್ಲಾಸ್ಕ್‌ಗೂ ಗ್ಲೂಕೋಸ್ ಹಾಕಿ. ಒಂದನ್ನು ಹಾಗೇ ಬಿಡಿ. ಇನ್ನೊಂದಕ್ಕೆ ಹಳೆ ಕ್ಯಾನ್‌ನ ಆಲ್ಕೋಹಾಲ್, ಮತ್ತೊಂದಕ್ಕೆ ಹೊಸದು, ಶೇ 1ರಷ್ಟು ಬೆರೆಸಿ. ಹೊಸದು ಹಾಕಿದ್ದು ಮಾತ್ರ ಹಿಂದೆ ಬಿದ್ದರೆ ಕಳ್ಳ ಸಿಕ್ಕ ಹಾಗೆ.

ಮೂರೂ ಒಂದೇ ಸಮ ಬೆಳೆದರೆ? ಆಗ ಗಾಳಿ ಸಾಲುತ್ತಿದೆಯಾ ನೋಡಿ. ಯೀಸ್ಟ್ ಎಥನಾಲನ್ನು ಮೊದಲು ಅಸಿಟಾಲ್ಡಿಹೈಡ್ ಮಾಡುತ್ತದೆ, ಆಮೇಲೆ ಅಸಿಟೇಟ್. ಇದಕ್ಕೆಲ್ಲ ಆಮ್ಲಜನಕ ಜಾಸ್ತಿ ಬೇಕು. ಸಾಲದಿದ್ದರೆ ಅಸಿಟಾಲ್ಡಿಹೈಡ್ ನಡುವೆ ಉಳಿದು ಯೀಸ್ಟನ್ನೇ ಕಾಡಬಹುದು. ಸುಮ್ನೆ ಕ್ಯಾನ್ ಬೈಸಿಕೊಳ್ಳುತ್ತದೆ, ಅಷ್ಟೇ.

ಕ್ಯಾನ್‌ನದ್ದೇ ತಪ್ಪಾದರೆ, ಮೊದಲ ಅನುಮಾನ ಅಸಿಟಾಲ್ಡಿಹೈಡ್‌ನಂಥ ಆಲ್ಡಿಹೈಡ್‌ಗಳ ಮೇಲೆ. ಇವು ಜೀವಕೋಶದ ಪ್ರೋಟೀನ್‌ಗಳಿಗೆ ಅಂಟಿಕೊಂಡು ಕೆಲಸ ಕೆಡಿಸುತ್ತವೆ. ಒಳ್ಳೆಯ ಸುದ್ದಿ ಏನೆಂದರೆ, ಪ್ರಮಾಣ ಸ್ವಲ್ಪವೇ ಇದ್ದರೆ ಯೀಸ್ಟ್ ತಾನೇ ಅವನ್ನು ಕರಗಿಸಿಕೊಳ್ಳುತ್ತದೆ. ನನ್ನ ಕೇಳಿದರೆ ಇದೇ ಎಲ್ಲಕ್ಕಿಂತ ಅಗ್ಗದ ದಾರಿ. ಹೆಪ್ಪಿಗೆ ಹಾಕುವ ಯೀಸ್ಟ್ ಹೆಚ್ಚಿಸಿ. ಆಲ್ಕೋಹಾಲನ್ನು ಒಂದೇ ಸಲ ಸುರಿಯದೆ, ತಿಂದು ಮುಗಿಸಿದಷ್ಟೇ ಹನಿಹನಿಯಾಗಿ ಬಿಡಿ. ಅಸಿಟಾಲ್ಡಿಹೈಡ್ ಕುದಿಯುವುದೇ ಸುಮಾರು 20 ಡಿಗ್ರಿಗೆ, ಹಾಗಾಗಿ ಜೋರಾಗಿ ಗಾಳಿ ಹಾಯಿಸಿದರೆ ಒಂದಿಷ್ಟು ಹಾರಿಯೂ ಹೋಗುತ್ತದೆ. ಹಾರಿಸೋಣ ಅಂತ ಆಲ್ಕೋಹಾಲನ್ನು ಬೆಂಕಿಯ ಹತ್ತಿರ ಮಾತ್ರ ಒಯ್ಯಬೇಡಿ.

ಫ್ಯೂಸೆಲ್ ಎಣ್ಣೆಯ, ಅಂದರೆ ಹುದುಗುವಾಗ ಎಥನಾಲ್ ಜೊತೆ ಹುಟ್ಟುವ ಭಾರದ ಆಲ್ಕೋಹಾಲ್‌ಗಳ, ವಾಸನೆ ಹೊಡೆಯುತ್ತಿದ್ದರೆ ಆಲ್ಕೋಹಾಲಿಗೆ ನೀರು ಬೆರೆಸಿ ತೆಳು ಮಾಡಿ, ಆಕ್ಟಿವೇಟೆಡ್ ಇದ್ದಿಲಿನ ಮೂಲಕ ಹಾಯಿಸಿ. ಮೆಥನಾಲ್ ಎಂಬ ಇನ್ನೊಂದು ಆಲ್ಕೋಹಾಲ್ ಬೆರೆತಿದ್ದರೆ ಅದು ಮಾತ್ರ ಇದಕ್ಕೆ ಬಗ್ಗುವುದಿಲ್ಲ.

ತಾಮ್ರದ ಭಟ್ಟಿಯಿಂದ ಬಂದ ಆಲ್ಕೋಹಾಲ್‌ನಲ್ಲಿ ತಾಮ್ರ ಇಳಿದಿರಬಹುದು. ಅದನ್ನು ಇಡಿಟಿಎ ಎಂಬ, ಲೋಹಗಳಿಗೆ ಅಂಟಿಕೊಳ್ಳುವ ರಾಸಾಯನಿಕ ಹಿಡಿದಿಡುತ್ತದೆ. ಆದರೆ ಕೈ ಬಿಗಿ ಇರಲಿ. ಜಾಸ್ತಿ ಹಾಕಿದರೆ ಅದು ಸತುವನ್ನೂ ಕಸಿದುಕೊಳ್ಳುತ್ತದೆ. ಎಥನಾಲ್ ಜೀರ್ಣಿಸುವ ಕಿಣ್ವ, ಅಂದರೆ ಆಲ್ಕೋಹಾಲ್ ಡಿಹೈಡ್ರೋಜಿನೇಸ್, ಕೆಲಸ ಮಾಡುವುದೇ ಸತುವಿನಿಂದ ಅಲ್ವಾ? ತಾಮ್ರ ಎಷ್ಟಿದೆ ಅಂತ ಅಳೆಸಿ, ಅದಕ್ಕೆ ತಕ್ಕಷ್ಟೇ ಹಾಕಿ.

ಇನ್ನು, ಕ್ಯಾನ್ ಮೇಲೆ ‘ಡಿನೇಚರ್ಡ್’ ಅಂತ ಬರೆದಿದ್ದರೆ ಈ ಯಾವ ಸಾಹಸವೂ ಬೇಡ. ಕುಡಿಯಲಾಗದಂತೆ ಬೇಕೆಂದೇ ಕೆಡಿಸಿದ ಮಾಲು ಅದು. ಬೇರೆ ತರಿಸಿ.