ಸೋಗೆ, ಹಂಚು, ಮತ್ತೆ ಸೋಗೆ: ಮನೆಯ ವಸ್ತುಗಳಲ್ಲಿ ಅಂತಸ್ತು ಓದುವ ಬಗೆ

ಬಿಪಿಎಲ್ ಕಾರ್ಡುಗಳ ಮರುಪರಿಶೀಲನೆಯ ಸುದ್ದಿ ಬಂದಾಗಲೆಲ್ಲ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಸೊಸೈಟಿ ಕಟ್ಟೆಗಳ ಮೇಲೆ ಯಾರ ಮನೆಯಲ್ಲಿ ಏನೇನಿದೆ ಎಂಬ ಲೆಕ್ಕ ಶುರುವಾಗುತ್ತದೆ. ಟಿವಿ, ಫ್ರಿಜ್, ಬೈಕ್ ಇದ್ದವರು ಕಾರ್ಡನ್ನು ಮಾರ್ಚ್ ಅಂತ್ಯದೊಳಗೆ ಮರಳಿಸಬೇಕೆಂಬ ಹೇಳಿಕೆ 2021ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರದ ಕಡೆಯಿಂದ ಬಂದು, ವಿರೋಧ ಎದ್ದ ಮೇಲೆ ಹಿಂದೆ ಸರಿಯಿತು. ಅದಕ್ಕೂ ಮೊದಲು 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ ಫ್ರಿಜ್, ಸ್ಥಿರ ದೂರವಾಣಿ, ಮೋಟಾರು ವಾಹನ, ಎಂಜಿನ್ ಇರುವ ಮೀನುಗಾರಿಕೆ ದೋಣಿ, ಪಕ್ಕಾ ಗೋಡೆ ಮತ್ತು ಪಕ್ಕಾ ಮಾಡಿನ (ಛಾವಣಿಯ) ಮೂರು ಕೋಣೆ, ಇವುಗಳಲ್ಲಿ ಒಂದಿದ್ದರೂ ಆ ಕುಟುಂಬವನ್ನು ಬಡತನದ ಲೆಕ್ಕದಿಂದ ಹೊರಗಿಡುವ ಪಟ್ಟಿಯಿತ್ತು. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ಎಂಜಿನ್ ಕೂರಿಸಿದ ದೋಣಿಯೆಂದರೆ ಬಹುತೇಕ ಸಾಲದಲ್ಲಿ ಕೊಂಡ ದುಡಿಮೆಯ ಉಪಕರಣ. ಪಟ್ಟಿಯಲ್ಲಿ ಅದು ಫ್ರಿಜ್ಜಿನ ಪಕ್ಕದಲ್ಲಿ ಕುಳಿತಿತ್ತು.

ವಸ್ತುಗಳನ್ನು ಎಣಿಸಿ ಜನರ ಅಂತಸ್ತನ್ನು ತಿಳಿಯಬಹುದೆಂಬ ನಂಬಿಕೆ ಸರ್ಕಾರದ್ದು ಮಾತ್ರವಲ್ಲ. ಊರಿನವರು ಅದನ್ನು ಬಹಳ ಹಿಂದಿನಿಂದ ಮಾಡುತ್ತ ಬಂದಿದ್ದಾರೆ, ಮತ್ತು ಬಹುಶಃ ಹೆಚ್ಚು ನಿಖರವಾಗಿ ಮಾಡುತ್ತಾರೆ. ತೊಡಕು ಇರುವುದು ಬೇರೆಡೆ. ಈ ಜಿಲ್ಲೆಯಲ್ಲಿ ಒಂದೇ ವಸ್ತು ಐವತ್ತು ವರ್ಷಗಳೊಳಗೆ ಬಡತನದ ಗುರುತಾಗಿ, ನಾಚಿಕೆಯ ಕಾರಣವಾಗಿ, ಕೊನೆಗೆ ಸದಭಿರುಚಿಯ ಸಾಕ್ಷಿಯಾಗಿ ತಿರುಗಿದೆ. ಆ ದಾರಿಯನ್ನು ಹಿಂದಕ್ಕೆ ಹಿಡಿದು ಹೋಗದಿದ್ದರೆ ಇಂದಿನ ಚರ್ಚೆ ಅರ್ಥವಾಗುವುದಿಲ್ಲ.

ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಹೋಯಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ಇದರ ನಡುವಿನ ಸುಮಾರು ನೂರು ವರ್ಷಗಳಲ್ಲಿ ಆಳುವವರ ಊರು ಬದಲಾಯಿತೇ ಹೊರತು ಗೇಣಿ ಕೊಡುವವರು, ಗೇಣಿ ಪಡೆಯುವವರು ಹೆಚ್ಚೇನೂ ಬದಲಾಗಲಿಲ್ಲ. ಬದಲಾದದ್ದೆಂದರೆ ಮಾಡು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಯಂತ್ರದಲ್ಲಿ ಒತ್ತಿದ ಕೆಂಪು ಹಂಚು ಕರಾವಳಿಯುದ್ದಕ್ಕೂ ಹರಡಿತು. ಮೊದಲು ಕಚೇರಿ, ಬಂಗಲೆ, ಶಾಲೆಗಳನ್ನು ಹೊದ್ದ ಮಂಗಳೂರು ಹಂಚು ಬರಬರುತ್ತ ಉಳ್ಳವರ ಮನೆಗಳಿಗೂ ಏರಿತು. ಉಳಿದವರ ಮೇಲೆ ಘಟ್ಟದ ಮೇಲಾದರೆ ಸೋಗೆಯೂ, ಅಂದರೆ ಅಡಿಕೆ ಮರದ ಗರಿಯೂ, ಭತ್ತದ ಹುಲ್ಲೂ, ಕೆಳಗಾದರೆ ತೆಂಗಿನ ಮಡಲೂ ಇದ್ದವು.

ಸೋಗೆಯ ವಿಷಯವನ್ನು ಸ್ವಲ್ಪ ವಿವರಿಸಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಸೀಮೆಯಲ್ಲಿ ಸೋಗೆಯ ಮಾಡು ಹೆಚ್ಚು ದಿನ ತಾಳುವುದಿಲ್ಲ. ಆದ್ದರಿಂದ ಮಳೆಗಾಲಕ್ಕೆ ಮುನ್ನ ಅದನ್ನು ಹೊಸದಾಗಿ ಹೊದಿಸಬೇಕು. ಸೋಗೆ ತೋಟದ್ದು, ತೋಟ ಒಡೆಯರದ್ದು. ಹೀಗಾಗಿ ತೋಟವಿಲ್ಲದ ಗೇಣಿ ಒಕ್ಕಲು ತನ್ನ ತಲೆಯ ಮೇಲಿನ ಮಾಡಿಗೂ ಒಡೆಯರನ್ನು ಕೇಳಿಕೊಳ್ಳಬೇಕಿತ್ತು, ಮತ್ತು ಕೇಳಿ ಪಡೆದದ್ದಕ್ಕೆ ತೋಟದ ಕೆಲಸದ ರೂಪದಲ್ಲಿ ಋಣ ತೀರಿಸಬೇಕಿತ್ತು. ತೋಟಿಗರಲ್ಲೂ ಸೋಗೆ ಮನೆಯವರು ಇದ್ದರೆಂಬುದನ್ನು ಮರೆಯಬಾರದು. ಒಂದೆಕರೆಯೂ ಇಲ್ಲದ ಹವ್ಯಕ ಬ್ರಾಹ್ಮಣ ಕುಟುಂಬಗಳು ಅಡುಗೆ, ಪೌರೋಹಿತ್ಯ ಹಿಡಿದು ಬದುಕಿದವು. ಆದರೂ ಸೋಗೆಯ ಕೆಳಗೆ ಕುಳಿತು ಸೋಗೆ ಕೊಡುವವನಿಗೂ ಸೋಗೆಯ ಕೆಳಗೆ ಕುಳಿತು ಸೋಗೆ ಬೇಡುವವನಿಗೂ ಇದ್ದ ಅಂತರವನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಹೇಳುವ ಕೆಲಸವನ್ನು ಜಗಲಿ ಮಾಡುತ್ತಿತ್ತು. ದೊಡ್ಡ ಮನೆಗಳಲ್ಲಿ ಅಂಗಳ, ಹೊರಜಗಲಿ, ಒಳಜಗಲಿ ಎಂಬ ಮೂರು ಎತ್ತರಗಳಿದ್ದವು, ಯಾರು ಎಲ್ಲಿಯವರೆಗೆ ಬರಬಹುದೆಂಬುದು ಮಕ್ಕಳಿಗೂ ಗೊತ್ತಿತ್ತು. ಆರಾಮ ಕುರ್ಚಿ ಒಂದೇ ಇರುತ್ತಿತ್ತು, ಅದು ಯಜಮಾನರದ್ದು. ನೆಂಟರಿಗೆ ಕಂಬಳಿ, ಚಾಪೆ, ಎದುರಿಗೆ ಕವಳದ (ಎಲೆಯಡಿಕೆಯ) ತಬಕು. ಒಕ್ಕಲುಗಳು ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದರು, ಅವರ ಕವಳ ಮೇಲಿನಿಂದ ಕೈಗೆ ಬೀಳುತ್ತಿತ್ತು. ಇಲ್ಲಿ ವರ್ಗವನ್ನೂ ಜಾತಿಯನ್ನೂ ಬೇರೆ ಮಾಡಿ ತೋರಿಸಲು ಬರುವುದಿಲ್ಲ.

ಈ ಕಥೆಯ ದೊಡ್ಡ ತಿರುವು 1974. ಆ ವರ್ಷ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಗೇಣಿ ಪದ್ಧತಿಯನ್ನು ರದ್ದು ಮಾಡಿತು. ಗೇಣಿದಾರರು ಉಳುವ ಭೂಮಿಯ ಹಕ್ಕು ಕೋರಿ ಡಿಕ್ಲರೇಷನ್ ಹಾಕಿದರು, ಭೂ ನ್ಯಾಯಮಂಡಳಿಗಳ ಮುಂದೆ ವರ್ಷಗಟ್ಟಲೆ ಅಲೆದರು, ಹಲವರಿಗೆ ಭೂಮಿ ದಕ್ಕಿತು. ಭೂಮಿ ದಕ್ಕಿದವರು ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಮೊದಲು ಕೈಹಾಕಿದ್ದು ಬಹುತೇಕ ಮಾಡಿಗೆ. ಸೋಗೆ ಕಿತ್ತು ಪಕಾಸಿ, ರೀಪು ಹೊಡೆದು ಹಂಚು ಹೊದಿಸುವುದೆಂದರೆ ಇನ್ನು ಮುಂದೆ ಮೇ ತಿಂಗಳಲ್ಲಿ ಯಾರ ಅಂಗಳದಲ್ಲೂ ನಿಲ್ಲಬೇಕಾಗಿಲ್ಲ ಎಂದು ಊರಿಗೆ ತಿಳಿಸುವುದೂ ಆಗಿತ್ತು. 'ಹಂಚಿನ ಮನೆಯವರು' ಎಂಬ ಮಾತಿನಲ್ಲಿ ಆಗ ಇದ್ದ ತೂಕ ಇಂದಿನವರಿಗೆ ಅಂದಾಜಾಗುವುದು ಕಷ್ಟ.

ಮಾಡಿನ ಹಿಂದೆಯೇ ಉಳಿದವು ಬಂದವು. ಸಗಣಿ ಸಾರಿಸಿದ ನೆಲಕ್ಕೆ ಕೆಂಪು ಸಿಮೆಂಟು ಬಿತ್ತು. ಮಣ್ಣಿನ ಗೋಡೆಗೆ ಗಿಲಾವು, ಮೇಲೆ ನೀಲಿಯೋ ಹಸಿರೋ ಬಣ್ಣ. ಅಡುಗೆಮನೆಯಲ್ಲಿ ಮಡಕೆಯ ಜಾಗಕ್ಕೆ ಅಲ್ಯುಮಿನಿಯಂ, ಅದರ ಜಾಗಕ್ಕೆ ಸ್ಟೀಲು. ಸ್ಟೀಲಿನ ಲೋಟಕ್ಕೆ ಮದುವೆಯ ದಿನಾಂಕ, ಕೊಟ್ಟವರ ಹೆಸರು ಕೆತ್ತಿಸುವುದು ಎಲ್ಲ ಜಾತಿಯ ಮದುವೆಗಳಲ್ಲೂ ನಡೆಯಿತು. ತೋಟಿಗರ ಮನೆಗಳಲ್ಲೂ ಇದೇ ಕಾಲಕ್ಕೆ ತಾಮ್ರದ ಹಂಡೆ, ಹಿತ್ತಾಳೆಯ ಕೊಳಗಗಳು ಅಟ್ಟ ಸೇರಿದವು ಅಥವಾ ತೂಕಕ್ಕೆ ಮಾರಾಟವಾದವು. ಕಲಾಯಿ ಹಾಕುವವರು ಊರಿಗೆ ಬರುವುದು ನಿಂತಿತು. ನನಗೆ ಚೆನ್ನಾಗಿ ನೆನಪಿರುವುದು ಗಾಜಿನ ಬಾಗಿಲಿನ ಷೋಕೇಸು. ಒಳಗೆ ಆರು ಕಪ್ಪು, ಆರು ಸಾಸರು, ಒಂದು ಪ್ಲಾಸ್ಟಿಕ್ ಹೂವಿನ ಗುಚ್ಛ, ಕತ್ತು ಅಲ್ಲಾಡಿಸುವ ಒಂದು ಬೊಂಬೆ. ಆ ಕಪ್ಪುಗಳಲ್ಲಿ ಚಹಾ ಕುಡಿದವರನ್ನು ನಾನು ಕಂಡಿಲ್ಲ. ಹೊಸ ಉಳ್ಳವರ ಈ ಷೋಕೇಸುಗಳ ಬಗ್ಗೆ ಹಳೆಯ ಉಳ್ಳವರ ಜಗಲಿಗಳಲ್ಲಿ ನಗೆಯ ಮಾತುಗಳು ಓಡಾಡುತ್ತಿದ್ದವು ಎಂಬುದನ್ನೂ ದಾಖಲಿಸಬೇಕು. ಭೂಮಿ ಕೈತಪ್ಪಿದ ಮೇಲೆ ಉಳಿದಿದ್ದ ಮೇಲ್ಮೆ ಅಭಿರುಚಿಯದ್ದು ಮಾತ್ರ, ಮತ್ತು ಅದನ್ನು ಯಾವ ನ್ಯಾಯಮಂಡಳಿಯೂ ಹಂಚಿಕೊಡುವಂತಿರಲಿಲ್ಲ.

1990ರ ದಶಕದಲ್ಲಿ ಬಂದ ಪ್ಲಾಸ್ಟಿಕ್ ಕುರ್ಚಿಗೆ ಈ ಇತಿಹಾಸದಲ್ಲಿ ಸಲ್ಲಬೇಕಾದ ಗೌರವ ಸಂದಿಲ್ಲ. ಅಗ್ಗ, ಹಗುರ, ಒಂದರ ಮೇಲೊಂದು ಪೇರಿಸಬಹುದಾದ ಈ ಕುರ್ಚಿ ಮದುವೆ ಮನೆಗೂ ಯಕ್ಷಗಾನದ ಬಯಲಿಗೂ ಬಂದು ಕುಳಿತಿತು. ಎಲ್ಲರಿಗೂ ಒಂದೇ ಎತ್ತರ, ಒಂದೇ ಬಣ್ಣ. ಅಂಗಳ ಜಗಲಿಗಳ ಲೆಕ್ಕವನ್ನು ಅದು ಪೂರ್ತಿ ಅಳಿಸಲಿಲ್ಲ, ಆದರೆ ಅಂಗಳಕ್ಕೆ ಬಂದವರನ್ನು ನಿಲ್ಲಿಸಿಯೇ ಮಾತನಾಡಿಸುವುದಕ್ಕೆ ನೆಪ ಉಳಿಯಲಿಲ್ಲ.

ಮುಂದಿನದು ವೇಗವಾಗಿ ನಡೆಯಿತು. ಅಡಿಕೆ ಧಾರಣೆ ಏರಿತು, ಇಳಿಯಿತು. 1998ರಲ್ಲಿ ಕೊಂಕಣ ರೈಲು ಪೂರ್ಣಗೊಂಡಿತು. ಭಟ್ಕಳದಲ್ಲಿ ಕೊಲ್ಲಿಯ ಹಣ ಮನೆಗಳಾಗಿ ಎದ್ದಿತು. ಕಾರವಾರದಲ್ಲಿ ನೌಕಾನೆಲೆ ಬಂದು ಹಳ್ಳಿಗಳು ಎದ್ದುಹೋದವು. ಘಟ್ಟದ ಮೇಲಿನ ಮಕ್ಕಳು ಬೆಂಗಳೂರು ಸೇರಿದರು. ಟೈಲ್ಸ್ ಮತ್ತು ತಾರಸಿ ಎಲ್ಲರಿಗೂ ಎಟುಕುವ ಕನಸಾದ ಹೊತ್ತಿಗೆ, ಅವುಗಳನ್ನು ಮೊದಲು ತಂದವರ ಮಕ್ಕಳಿಗೆ ಅವು ಸಪ್ಪೆಯಾಗಿ ಕಂಡವು.

ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ಡ್ಯೂ 1960ರ ದಶಕದಲ್ಲಿ ತನ್ನ ದೇಶದವರ ಊಟ, ಪೀಠೋಪಕರಣ, ಸಂಗೀತದ ಆಯ್ಕೆಗಳನ್ನು ಸಮೀಕ್ಷೆ ಮಾಡಿ ತಲುಪಿದ ತೀರ್ಮಾನ ಇಲ್ಲಿ ನೆರವಿಗೆ ಬರುತ್ತದೆ. ಅಭಿರುಚಿ ಹುಟ್ಟಾ ಬಂದ ಗುಣವಲ್ಲ, ಬೆಳೆದ ಮನೆ ಮತ್ತು ಓದು ಕಲಿಸಿದ್ದು. ಕಡಿಮೆ ಇರುವವರದ್ದು ಅಗತ್ಯದ ಅಭಿರುಚಿ, ಇದ್ದು ಉಳಿದವರದ್ದು ಅಗತ್ಯದಿಂದ ದೂರ ನಿಂತ ಅಭಿರುಚಿ ಎಂಬುದು ಅವನ ವಾದ. ಅವನ ಮುಂದಿದ್ದದ್ದು ಫ್ರಾನ್ಸ್. ಜಾತಿ ಅವನ ಲೆಕ್ಕದಲ್ಲಿ ಇರಲಿಲ್ಲ. ಆದರೂ ಸಿದ್ದಾಪುರದ ಹಸೆ ಚಿತ್ತಾರದ ಮುಂದೆ ನಿಂತರೆ ಅವನ ಮಾತು ನೆನಪಾಗುತ್ತದೆ.

ದೀವರ ಸಮುದಾಯದ ಹೆಂಗಸರು ಮದುವೆ ಮನೆಯ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಬರೆಯುತ್ತಿದ್ದ ಚಿತ್ತಾರವದು. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕರಕಲಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಮಣ್ಣಿನ ಗೋಡೆ ಹೋಗಿ ಗಿಲಾವಿನ ಗೋಡೆ ಬಂದ ದಿನ ಚಿತ್ತಾರಕ್ಕೆ ಜಾಗ ತಪ್ಪಿತು. ಈಗ ಅದು ಕಾಗದ, ಬಟ್ಟೆಗಳ ಮೇಲೆ ಬರೆಸಿಕೊಂಡು, ಚೌಕಟ್ಟು ಹಾಕಿಸಿಕೊಂಡು ನಗರದ ಬೈಠಕ್ ಖಾನೆಗಳ ಗೋಡೆ ಏರಿದೆ. ಬರೆಯುವವರಿಗೆ ಇದರಿಂದ ದುಡಿಮೆಯಾಗಿದೆ, ಮರೆತೇಹೋಗುತ್ತಿದ್ದ ರೇಖೆಗಳು ಉಳಿದಿವೆ. ಇದನ್ನು ಕೆಟ್ಟದ್ದೆನ್ನಲು ಕಾರಣವಿಲ್ಲ. ಆದರೆ ಚಿತ್ತಾರವನ್ನು ಕೊಂಡವರ ಮನೆಯಲ್ಲಿ ಅದು ಅಭಿರುಚಿ. ಅದೇ ಚಿತ್ತಾರವಿದ್ದ ಮಣ್ಣಿನ ಗೋಡೆಯನ್ನು ಗಣತಿಯವರು ಬಂದಾಗ 'ಕಚ್ಚಾ' ಎಂದು ಬರೆದುಕೊಂಡು ಹೋಗುತ್ತಿದ್ದರು.

ಹಂಡೆಗಳೂ ಹೀಗೆಯೇ ಹಿಂತಿರುಗಿದವು. ತೂಕಕ್ಕೆ ಹೋದ ತಾಮ್ರ ರೆಸಾರ್ಟುಗಳ ಬಾಗಿಲಲ್ಲಿ ಹೂವು ತೇಲಿಸಿಕೊಂಡು ನಿಂತಿದೆ. ಕಳಚಿದ ಮನೆಗಳ ಹಲಸಿನ, ಬೀಟೆಯ ಕಂಬಗಳನ್ನು ಹುಡುಕಿ ಬರುವ ವ್ಯಾಪಾರಿಗಳಿದ್ದಾರೆ. ಮಣಿಪಾಲದ ಹೆರಿಟೇಜ್ ವಿಲೇಜ್‌ನಲ್ಲಿ ವಿಜಯನಾಥ ಶೆಣೈ ಅವರು ಕಳಚಿದ ಮನೆಗಳನ್ನು ಮತ್ತೆ ಮನೆಗಳಾಗಿಯೇ ನಿಲ್ಲಿಸಿದ್ದು ಬೇರೆ ಮಾತು; ವ್ಯಾಪಾರದಲ್ಲಿ ಕಂಬಕ್ಕೆ ಮನೆಯ ನೆನಪಿರುವುದಿಲ್ಲ.

ಮನುಷ್ಯರ ಮೈಮೇಲಿನ ವಸ್ತುಗಳಿಗೂ ಇದು ಅನ್ವಯಿಸುತ್ತದೆ. 2021ರ ನವೆಂಬರಿನಲ್ಲಿ ಅಂಕೋಲೆಯ ತುಳಸಿ ಗೌಡ ಅವರು ತಮ್ಮ ಹಾಲಕ್ಕಿ ಸಮುದಾಯದ ಉಡುಗೆಯಲ್ಲಿ, ಕೊರಳ ತುಂಬ ಮಣಿಸರ ಧರಿಸಿ, ಬರಿಗಾಲಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸಿದಾಗ ಆ ಬರಿಗಾಲನ್ನು ದೇಶವೇ ಕೊಂಡಾಡಿತು. ಗೌರವ ಅವರು ಗಿಡ ನೆಟ್ಟು ಬೆಳೆಸಿದ ಕೆಲಸಕ್ಕೆ ಸಂದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಮಣಿಸರವನ್ನು ಪೇಟೆಯಲ್ಲಿ ಜನ ತಿರುಗಿ ನೋಡುತ್ತಾರೆಂದು ಹಾಲಕ್ಕಿ ಮನೆಗಳ ಹೊಸ ತಲೆಮಾರಿನ ಹೆಣ್ಣುಮಕ್ಕಳು ಎಷ್ಟೋ ಮೊದಲೇ ಬಿಟ್ಟುಕೊಟ್ಟಿದ್ದರು.

ಇತ್ತೀಚಿನ ಹಂತ ಹೋಂಸ್ಟೇಗಳದ್ದು. ಗೋಕರ್ಣದ ಸುತ್ತಮುತ್ತ ಮಡಲಿನ, ಯಾಣ, ಶಿರಸಿಯ ದಾರಿಗಳಲ್ಲಿ ಸೋಗೆಯ ಗುಡಿಸಲುಗಳು ಎದ್ದಿವೆ. ನೆಲಕ್ಕೆ ಮತ್ತೆ ಕೆಂಪು ಸಿಮೆಂಟು. ಅದನ್ನು ಉಜ್ಜಿ ಹೊಳಪು ಬರಿಸಬಲ್ಲ ಗಾರೆಯವರು ಅಪರೂಪವಾದ್ದರಿಂದ ಟೈಲ್ಸಿಗಿಂತ ಹೆಚ್ಚು ಖರ್ಚು ಎನ್ನುತ್ತಾರೆ. ಪ್ಲಾಸ್ಟಿಕ್ ಕುರ್ಚಿಗಳನ್ನು ಅತಿಥಿಗಳ ಕಣ್ಣಿಗೆ ಬೀಳದಂತೆ ಹಿತ್ತಲಲ್ಲಿ ಪೇರಿಸಿಡಲಾಗುತ್ತದೆ. ಸೋಗೆ ಹೊದಿಸಬಲ್ಲವರು ಊರಿಗೆ ಒಬ್ಬಿಬ್ಬರು ಉಳಿದಿದ್ದಾರೆ, ಬಹುತೇಕ ಅರವತ್ತು ದಾಟಿದವರು. ದಬ್ಬೆ ಸೀಳುವುದು, ಕಟ್ಟು ಬಿಗಿಯುವುದು, ಇಳಿಜಾರಿನ ಅಂದಾಜು ಎಲ್ಲವೂ ಅವರ ಕೈಯಲ್ಲಿದೆ, ಮತ್ತು ಈಗ ಅವರನ್ನು ಕೆಲಸಕ್ಕೆ ಕಾರು ಕಳಿಸಿ ಕರೆಸಿಕೊಳ್ಳುತ್ತಾರೆ. ಅವರಲ್ಲೊಬ್ಬರನ್ನು, ನಿಮ್ಮ ಮನೆಗೆ ಸೋಗೆ ಯಾಕಿಲ್ಲ ಎಂದು ಬೆಂಗಳೂರಿನ ಅತಿಥಿಯೊಬ್ಬರು ಆಸಕ್ತಿಯಿಂದಲೇ ಕೇಳಿದ್ದನ್ನು ಹತ್ತಿರ ನಿಂತು ಕೇಳಿಸಿಕೊಂಡಿದ್ದೇನೆ. 'ಹಂಚಿನ ಮನೆ ಮಾಡಿ ನಲವತ್ತು ವರ್ಷ ಆತು' ಎಂದಷ್ಟೇ ಹೇಳಿ ಅವರು ಏಣಿ ಹತ್ತಿದರು.